ರೋಮನ್ ವೇಷಕ್ಕೆ ಸರಿಯಾದ ಬ್ರೂಚ್: ಮೊದಲು ಇಸವಿ, ಆಮೇಲೆ ಪಿನ್ನು

ರೋಮನ್ನರು ತೊಟ್ಟ ಬಟ್ಟೆ ಬಹುತೇಕ ಮಣ್ಣುಪಾಲಾಗಿದೆ. ಆ ಬಟ್ಟೆಯನ್ನು ಹಿಡಿದಿಟ್ಟಿದ್ದ ಲೋಹದ ಪಿನ್ನುಗಳು ಮಾತ್ರ ಸಾವಿರಗಟ್ಟಲೆ ಉಳಿದಿವೆ. ಲ್ಯಾಟಿನ್ನಿನಲ್ಲಿ ಅವುಗಳಿಗೆ ಫಿಬುಲಾ ಎಂದು, ಇಂಗ್ಲಿಷಿನಲ್ಲಿ ಬ್ರೂಚ್ ಎಂದು ಹೆಸರು. ಯಾವ ಮಾದರಿ ಯಾವ ಕೋಟೆಯಲ್ಲಿ, ಯಾವ ನಾಣ್ಯದ ಜೊತೆ, ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತು ಎಂದು ವಿದ್ವಾಂಸರು ನೂರಕ್ಕೂ ಹೆಚ್ಚು ವರ್ಷಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ಹಾಗಾಗಿ ಕೆಲವು ಮಾದರಿಗಳ ಕಾಲವನ್ನು ಮೂವತ್ತು ನಲವತ್ತು ವರ್ಷದ ಅಂತರದೊಳಗೆ ಹೇಳಬಹುದು. ಇತಿಹಾಸದ ಮರುನಟನೆಗೆ ವೇಷ ಕಟ್ಟುವವರಿಗೆ ಇದು ಅನುಕೂಲವೂ ಹೌದು, ತೊಡಕೂ ಹೌದು. ಉಣ್ಣೆಯ ಬಣ್ಣ ತುಸು ಹೆಚ್ಚುಕಡಿಮೆಯಾದರೆ ಯಾರೂ ಪ್ರಮಾಣ ಕೇಳಲಾರರು. ಆದರೆ ಇಸವಿ 43ರ ಸೈನಿಕನ ಭುಜದ ಮೇಲೆ ನಾಲ್ಕನೇ ಶತಮಾನದ ಬ್ರೂಚ್ ಇದ್ದರೆ, ಮುನ್ನೂರು ವರ್ಷ ಆಚೆಯ ವಸ್ತುವೊಂದು ಎದ್ದು ಕಾಣುತ್ತದೆ.

ಅದಕ್ಕೇ ಅಂಗಡಿಯ ಪುಟ ತೆರೆಯುವ ಮೊದಲು ಮೂರು ವಿಷಯ ಕಾಗದದ ಮೇಲೆ ಬರೆದುಕೊಳ್ಳಿ: ಇಸವಿ, ಜಾಗ, ಆಸಾಮಿ. ‘ರೋಮನ್ ಸೈನಿಕ’ ಎಂದರೆ ಸಾಲದು. ‘ಇಸವಿ 43ರಿಂದ 50ರ ನಡುವೆ, ದಕ್ಷಿಣ ಬ್ರಿಟನ್ನಿನಲ್ಲಿ, ಲೀಜನ್ನಿನ (ರೋಮನ್ ಸೇನೆಯ ದೊಡ್ಡ ಪಡೆ) ಸಾಮಾನ್ಯ ಕಾಲಾಳು’ ಎಂದು ಬರೆಯಿರಿ. ಇಷ್ಟು ಬರೆದರೆ ಮಾರುಕಟ್ಟೆಯಲ್ಲಿರುವ ಬ್ರೂಚುಗಳಲ್ಲಿ ಹೆಚ್ಚಿನವು ತಾವಾಗಿ ಪಟ್ಟಿಯಿಂದ ಬಿದ್ದುಹೋಗುತ್ತವೆ, ಆಯ್ಕೆ ಎರಡು ಮೂರಕ್ಕೆ ಇಳಿಯುತ್ತದೆ.

ನಿಮ್ಮ ವೇಷಕ್ಕೆ ಬ್ರೂಚ್ ಬೇಕೇ?

ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ರೋಮನ್ ನಾಗರಿಕರು ಮೈಗೆ ಸುತ್ತಿಕೊಳ್ಳುತ್ತಿದ್ದ ಉದ್ದ ವಸ್ತ್ರ ಟೋಗಾಕ್ಕೆ ಬ್ರೂಚ್ ಇಲ್ಲ. ಮಡಿಕೆಯ ಭಾರ ಮತ್ತು ಎಡಗೈಯ ಹಿಡಿತದ ಮೇಲೇ ಅದು ನಿಲ್ಲುತ್ತದೆ. ನಾಟಕದ ಟೋಗಾದ ಭುಜದಲ್ಲಿ ಹೊಳೆಯುವ ದೊಡ್ಡ ಬಿಲ್ಲೆ ಸಿನಿಮಾದ ಕೊಡುಗೆ. ಗಂಡಸರ ಟ್ಯೂನಿಕ್ ಹೊಲಿದ ಉಡುಪು, ಅದಕ್ಕೂ ಬೇಡ. ಸೈನಿಕರೂ ಪ್ರಯಾಣಿಕರೂ ಮಳೆ ಚಳಿಗೆ ತೊಡುತ್ತಿದ್ದ ಪೈನುಲಾ ನಮ್ಮ ಮಲೆನಾಡಿನ ಕಂಬಳಿ ಕೊಪ್ಪೆಯ ದೂರದ ನೆಂಟನಂತೆ: ತಲೆಯ ಮೇಲಿಂದ ಹಾಕಿಕೊಳ್ಳುವ, ಟೋಪಿಯಿರುವ ಹೊದಿಕೆ. ಅದರ ಎದೆಭಾಗವನ್ನು ಹೊಲಿಯುತ್ತಿದ್ದರು, ಇಲ್ಲವೇ ಗುಂಡಿಗಳಿಂದ ಸೇರಿಸುತ್ತಿದ್ದರು. ಅದರ ಭುಜಕ್ಕೆ ಬ್ರೂಚ್ ಸಿಕ್ಕಿಸಿದರೆ ಹಿಡಿಯುವ ಕೆಲಸವೇ ಅಲ್ಲಿರುವುದಿಲ್ಲ.

ಬ್ರೂಚ್ ಬೇಕಾಗುವುದು ಸಾಗುಮ್‌ಗೆ. ಇದು ಆಯತಾಕಾರದ ದಪ್ಪ ಉಣ್ಣೆಯ ಹೊದಿಕೆ. ಎಡಭುಜವನ್ನು ಮುಚ್ಚಿ, ಬಲಭುಜದ ಮೇಲೆ ಎರಡು ಅಂಚು ಸೇರುವಲ್ಲಿ ಒಂದೇ ಒಂದು ಬ್ರೂಚಿನಿಂದ ನಿಲ್ಲುತ್ತದೆ. ಕತ್ತಿ ಹಿಡಿಯುವ ಬಲಗೈ ಹೀಗೆ ಬಿಡುವಾಗಿರುತ್ತದೆ. ಸೇನಾಧಿಪತಿಗಳ ಪಾಲುಡಾಮೆಂಟುಮ್ ಕೂಡ ಇದೇ ಕ್ರಮದ್ದು. ಟ್ರಾಜನ್ ಸ್ತಂಭದ ಕೆತ್ತನೆಯಲ್ಲಿ ಚಕ್ರವರ್ತಿಯ ಬಲಭುಜದ ಮೇಲೆ ದುಂಡನೆಯ ಬ್ರೂಚ್ ಕಾಣುತ್ತದೆ. ಅದು ಚಕ್ರವರ್ತಿಯದು, ಕಾಲಾಳಿನದಲ್ಲ ಎಂಬುದನ್ನು ನೆನಪಿಡಿ.

ಹೆಂಗಸರ ವಿಷಯದಲ್ಲಿ ಜಾಗವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ರೋಮ್ ನಗರದ ಗೃಹಿಣಿ ಪಲ್ಲಾವನ್ನು ಸೆರಗಿನಂತೆ ಹೊದ್ದುಕೊಳ್ಳುತ್ತಾಳೆ, ಪಿನ್ನು ಹಾಕುವುದಿಲ್ಲ. ರೈನ್ ಮತ್ತು ಡ್ಯಾನ್ಯೂಬ್ ನದಿಯ ಗಡಿಯಲ್ಲೂ ಬ್ರಿಟನ್ನಿನಲ್ಲೂ ಸ್ಥಳೀಯ ಹೆಂಗಸರು ಎರಡೂ ಭುಜದ ಮೇಲೆ ಜೋಡಿ ಬ್ರೂಚಿನಿಂದ ಮೇಲುಡುಪನ್ನು ನಿಲ್ಲಿಸುತ್ತಿದ್ದರು. ಜರ್ಮನಿಯ ಮೈಂಟ್ಸ್‌ನಲ್ಲಿರುವ ದೋಣಿಗಾರ ಬ್ಲುಸ್ಸುಸ್ ಮತ್ತು ಅವನ ಹೆಂಡತಿ ಮೆನಿಮಾನೆಯ ಸಮಾಧಿಕಲ್ಲು ಮೊದಲ ಶತಮಾನದ ನಡುಭಾಗದ್ದು. ಆಕೆ ತೊಟ್ಟ ಬ್ರೂಚುಗಳು ಅದರಲ್ಲಿ ಸ್ಪಷ್ಟವಾಗಿವೆ. ಯಾವುದು ಎಲ್ಲಿ ಎಂಬುದನ್ನು ಕಲ್ಲೇ ತೋರಿಸುತ್ತದೆ. ಗಡಿನಾಡಿನ ಹೆಣ್ಣುವೇಷ ಕಟ್ಟುವವರು ಮೊದಲು ಈ ಕಲ್ಲಿನ ಚಿತ್ರ ನೋಡಬೇಕು.

ಕರ್ನಾಟಕದಲ್ಲಿ ರೋಮನ್ ವೇಷ ಹಾಕುವ ಸಂದರ್ಭ ಬಂದರೆ ಹೆಚ್ಚಾಗಿ ಅದು ಯವನ ವರ್ತಕನದೇ ಆಗಿರುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿರುವುದರಿಂದ ಆ ಪಾತ್ರಕ್ಕೆ ನೆಲವಿದೆ. ಆದರೆ ಈ ವ್ಯಾಪಾರ ನಡೆದದ್ದು ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳ ಮೂಲಕ. ಆ ವರ್ತಕ ಗ್ರೀಕ್ ಮಾತಾಡುವ ಅಲೆಕ್ಸಾಂಡ್ರಿಯಾದ ಕಡೆಯವನು, ರೈನ್ ಗಡಿಯ ಸೈನಿಕನಲ್ಲ. ಅವನಿಗೆ ಹೊಲಿದ ಟ್ಯೂನಿಕ್, ಅದರ ಮೇಲೆ ಸುತ್ತಿ ಹೊದ್ದ ವಸ್ತ್ರ ಸಾಕು. ಪ್ರಯಾಣದ ಕ್ಲಾಮಿಸ್ ಹೊದಿಸಿದರೆ ಬಲಭುಜಕ್ಕೆ ಒಂದು ಸರಳ ದುಂಡು ಬ್ರೂಚ್ ಹಾಕಬಹುದು. ಬ್ರಿಟಿಷ್ ಮಾದರಿಯ, ಎನಾಮೆಲ್ (ಕರಗಿಸಿ ಹಿಡಿಸಿದ ಬಣ್ಣದ ಗಾಜು) ತುಂಬಿದ ಬ್ರೂಚ್ ಅವನಿಗೆ ಸಲ್ಲದು.

ಒಂದು ಬ್ರೂಚನ್ನು ಕೈಯಲ್ಲಿ ಹಿಡಿದು ನೋಡೋಣ

ಔಕಿಸ್ಸಾ ಮಾದರಿಯಿಂದ ಶುರು ಮಾಡುವುದು ಒಳ್ಳೆಯದು. ಮೊದಲ ಶತಮಾನದ ಸೈನಿಕನಿಗೆ ಇದರಷ್ಟು ನಿಸ್ಸಂಶಯದ ಆಯ್ಕೆ ಇನ್ನೊಂದಿಲ್ಲ. ಕೆಲವು ಬ್ರೂಚುಗಳ ತಲೆಯ ಮೇಲೆ ಔಕಿಸ್ಸಾ ಎಂಬ ತಯಾರಕನ ಹೆಸರು ಅಚ್ಚಾಗಿದೆ, ಅದರಿಂದಲೇ ಮಾದರಿಗೂ ಆ ಹೆಸರು. ಮೊದಲ ಚಕ್ರವರ್ತಿ ಆಗಸ್ಟಸ್ಸನ ಕಾಲದಿಂದ ಇಸವಿ 60ರ ದಶಕದವರೆಗೆ ಸೇನೆ ಹೋದಲ್ಲೆಲ್ಲ ಇದು ಹೋಗಿದೆ. ಇಸವಿ 9ರಲ್ಲಿ ರೋಮನ್ ಸೇನಾಪತಿ ವಾರುಸ್‌ನ ಸೇನೆ ನಾಶವಾದ ಯುದ್ಧಭೂಮಿ ಎಂದು ಗುರುತಿಸಲಾಗುವ, ಜರ್ಮನಿಯ ಕಾಲ್ಕ್ರೀಸೆಯಲ್ಲೂ ಸಿಕ್ಕಿದೆ, ಇಸವಿ 43ರಲ್ಲಿ ರೋಮನ್ನರು ಮಾಡಿದ ದಂಡಯಾತ್ರೆಯ ನಂತರದ ಬ್ರಿಟನ್ನಿನ ಕೋಟೆಗಳಲ್ಲೂ ಸಿಕ್ಕಿದೆ.

ಇದರ ಉದ್ದ ಸಾಮಾನ್ಯವಾಗಿ 40ರಿಂದ 60 ಮಿಲಿಮೀಟರ್. ಪಕ್ಕದಿಂದ ನೋಡಿದರೆ ಅರ್ಧಚಂದ್ರದಂತೆ ಎತ್ತರಕ್ಕೆ ಬಾಗಿದ ‘ಬಿಲ್ಲು’. ಮೇಲಿಂದ ನೋಡಿದರೆ ಚಪ್ಪಟೆ ಪಟ್ಟಿ, ಅದರುದ್ದಕ್ಕೂ ಗೀರುಗಳು, ನಡುವೆ ಏಣು, ಕೆಲವೊಮ್ಮೆ ಮಣಿ ಪೋಣಿಸಿದಂಥ ಸಾಲು. ಒಂದು ತುದಿ ‘ತಲೆ’. ಅಲ್ಲಿ ಲೋಹದ ತಗಡನ್ನು ಸುತ್ತಿ ಕೊಳವೆ ಮಾಡಿ, ಅದರೊಳಗೆ ಸಣ್ಣ ಅಚ್ಚುಕಡ್ಡಿ ತೂರಿಸಿ, ಸೂಜಿಯನ್ನು ಬಾಗಿಲಿನ ಕೀಲಿನಂತೆ ಕೂರಿಸಿರುತ್ತಾರೆ. ಇನ್ನೊಂದು ತುದಿ ‘ಪಾದ’. ಅದರ ಕೆಳಗೆ ತ್ರಿಕೋನದ ತೆಳು ತಗಡು, ಅದರ ಅಂಚು ಮಡಿಸಿ ಮಾಡಿದ ಕೊಕ್ಕೆ. ಸೂಜಿಯ ಮೊನೆ ಕೂರುವುದು ಇಲ್ಲಿ. ಪಾದದ ತುದಿಗೆ ಬೇರೆಯಾಗಿ ಮಾಡಿ ಸಿಕ್ಕಿಸಿದ ಒಂದು ಗುಬುಟು.

ಈಗ ಸೂಜಿಯ ಬುಡ ನೋಡಿ. ಕೀಲು ಬ್ರೂಚಿಗೆ ಸ್ಪ್ರಿಂಗ್ ಇಲ್ಲ, ಆದರೂ ಅದು ಬಿಗಿಯಾಗಿ ನಿಲ್ಲುತ್ತದೆ. ಕಾರಣ, ಸೂಜಿಯ ಬುಡದಲ್ಲಿರುವ ಒಂದು ಸಣ್ಣ ಉಬ್ಬು. ಸೂಜಿಯನ್ನು ಮುಚ್ಚುತ್ತಾ ಬಂದಾಗ ಮೊನೆ ಕೊಕ್ಕೆಯಿಂದ ಇನ್ನೂ ಅರ್ಧ ಸೆಂಟಿಮೀಟರಿನಷ್ಟು ದೂರವಿರುವಾಗಲೇ ಈ ಉಬ್ಬು ತಲೆಗೆ ತಾಗಬೇಕು. ಅಲ್ಲಿಂದ ಮುಂದೆ ಒತ್ತಿದರೆ ಸೂಜಿ ತುಸು ಬಾಗಿ, ಆ ಬಾಗಿನ ಬಲದಿಂದಲೇ ಕೊಕ್ಕೆಯೊಳಗೆ ನಿಲ್ಲುತ್ತದೆ. ಅಗ್ಗದ ನಕಲಿನಲ್ಲಿ ಈ ಉಬ್ಬೇ ಇರುವುದಿಲ್ಲ. ಸೂಜಿ ಸಡಿಲವಾಗಿ ಓಲಾಡುತ್ತದೆ, ಓಡುವಾಗ ಕೊಕ್ಕೆಯಿಂದ ಜಾರುತ್ತದೆ, ಬ್ರೂಚ್ ಹುಲ್ಲಿನಲ್ಲಿ ಕಳೆದುಹೋಗುತ್ತದೆ. ಕೊಳ್ಳುವ ಮೊದಲು ಮಾರುವವರನ್ನು ಬ್ರೂಚಿನ ಹಿಂಬದಿಯ ಮತ್ತು ಪಕ್ಕದ ಚಿತ್ರ ಕೇಳಿ. ಮುಂಬದಿಯ ಚಿತ್ರ ಮಾತ್ರ ಕೊಡುವವರಿಂದ ಕೊಳ್ಳಬೇಡಿ.

ಹೆಸರಿನ ಅಚ್ಚು ಬೇಕೇ ಬೇಕು ಎಂದು ಹಟ ಬೇಡ. ಉಳಿದಿರುವ ಔಕಿಸ್ಸಾಗಳಲ್ಲಿ ಹೆಚ್ಚಿನವಕ್ಕೆ ಹೆಸರಿಲ್ಲ. ಒಂದೇ ಪಡೆಯ ಎಂಟು ಜನರೂ ಅಕ್ಷರವಿರುವ ಬ್ರೂಚನ್ನೇ ಹಾಕಿಕೊಂಡು ನಿಂತರೆ ಅಪರೂಪದ್ದು ಸಾಮಾನ್ಯವಾಗಿಬಿಡುತ್ತದೆ.

ಕಾಲಕ್ಕೆ ತಕ್ಕ ಮಾದರಿ

ಇಸವಿ 43ರ ನಂತರದ ಬ್ರಿಟನ್ನಿಗೆ ಔಕಿಸ್ಸಾದ ಜೊತೆಗಿನ ಇನ್ನೊಂದು ಆಯ್ಕೆ ಹಾಡ್ ಹಿಲ್ ಮಾದರಿ. ಡಾರ್ಸೆಟ್‌ನ ಹಾಡ್ ಹಿಲ್ ಕೋಟೆಯಿಂದ ಬಂದ ಹೆಸರು. ಇದೂ ಕೀಲಿನದೇ, ಔಕಿಸ್ಸಾದಿಂದಲೇ ಬೆಳೆದದ್ದು. ಆದರೆ ಬಿಲ್ಲು ಅಷ್ಟು ಎತ್ತರವಿಲ್ಲ, ಮೇಲ್ಭಾಗ ಫಲಕದಂತೆ ಅಗಲ, ಕೆಲವಕ್ಕೆ ಎರಡೂ ಪಕ್ಕ ಕಿವಿಯಂಥ ಗುಬುಟುಗಳು. ಇದು ದಂಡಯಾತ್ರೆಯ ಜೊತೆಗೆ ಯುರೋಪಿನ ಮುಖ್ಯನೆಲದಿಂದ ಬಂದದ್ದು, ಬ್ರಿಟನ್ನಿನಲ್ಲಿ 70ರ ಹೊತ್ತಿಗೆ ಬಳಕೆ ತಪ್ಪಿತು. 122ರಲ್ಲಿ ಶುರುವಾದ, ಉತ್ತರ ಬ್ರಿಟನ್ನಿನ ಗಡಿಯ ಹೇಡ್ರಿಯನ್ ಗೋಡೆಯ ಕಾವಲುಗಾರನಿಗೆ ಇದನ್ನು ಹಾಕಿದರೆ ಅಜ್ಜನ ಪಿನ್ನನ್ನು ಮೊಮ್ಮಗ ಹಾಕಿಕೊಂಡಂತೆ. ‘ಅಜ್ಜನದನ್ನೇ ಉಳಿಸಿಕೊಂಡಿದ್ದ’ ಎಂದು ಸಮಜಾಯಿಷಿ ಕೊಡುವವರಿದ್ದಾರೆ. ದಿನಾ ಎಳೆತ ತಿನ್ನುವ ಎರಡಂಗುಲದ ಹಿತ್ತಾಳೆ ಪಿನ್ನು ಐವತ್ತು ವರ್ಷ ಬಾಳುವುದು ಕಷ್ಟ. ಆ ಸಮಜಾಯಿಷಿಯನ್ನು ಒಪ್ಪಬೇಡಿ.

ಅದೇ ಕಾಲದ ಸ್ಥಳೀಯ ಬ್ರಿಟನ್ನರ ವೇಷಕ್ಕೆ ಕೋಲ್ಚೆಸ್ಟರ್ ಮಾದರಿ ಸರಿ. ಇದು ಒಂದೇ ತುಂಡು ಲೋಹದಿಂದ ಬಡಿದು ಮಾಡಿದ್ದು. ಬಿಲ್ಲಿನ ತಲೆಯಿಂದಲೇ ತಂತಿ ಹೊರಟು, ಸುರುಳಿ ಸುತ್ತಿ, ಕೊನೆಗೆ ಸೂಜಿಯಾಗುತ್ತದೆ. ದಂಡಯಾತ್ರೆಗೆ ಮೊದಲೇ ಇತ್ತು, ಅದಾದ ಮೇಲೂ ಸ್ವಲ್ಪ ಕಾಲ ಉಳಿಯಿತು. ಇದರ ಮುಂದಿನ ಪೀಳಿಗೆಯಲ್ಲಿ ಬಿಲ್ಲು ಬೇರೆ, ಸ್ಪ್ರಿಂಗ್ ಬೇರೆ. ಸಾಮರ್ಸೆಟ್‌ನ ಪೋಲ್ಡನ್ ಬೆಟ್ಟಗಳ ಹೆಸರು ಹೊತ್ತ ಪೋಲ್ಡನ್ ಹಿಲ್ ಮಾದರಿಯಲ್ಲಿ ಸ್ಪ್ರಿಂಗಿನ ಕಡ್ಡಿಯನ್ನು ತಲೆಯ ಎರಡು ತುದಿಯ ತೂತಿನ ತಗಡುಗಳು ಹಿಡಿದಿರುತ್ತವೆ.

ಎರಡು ತುಂಡಿಗೆ ಹೋದದ್ದಕ್ಕೆ ಲೋಹವೇ ಕಾರಣ. ಬಡಿದು ಬಾಗಿಸುವ ಬ್ರೂಚಿಗೆ ಬಾಗುವ ಲೋಹ ಬೇಕು, ಅದಕ್ಕೆ ಹಿತ್ತಾಳೆ. ಅಚ್ಚಿಗೆ ಹೊಯ್ಯುವ ಬ್ರೂಚಿಗೆ ಸೀಸ ಬೆರೆತ ಕಂಚು ಸಲೀಸು: ಬೇಗ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆದರೆ ಬಾಗಿಸಿದರೆ ಮುರಿಯುತ್ತದೆ, ಸ್ಪ್ರಿಂಗಿಗೆ ಒದಗುವುದಿಲ್ಲ. ಹಾಗಾಗಿ ಬಿಲ್ಲನ್ನು ಹೊಯ್ದು, ಸ್ಪ್ರಿಂಗನ್ನು ಬೇರೆ ತಂತಿಯಲ್ಲಿ ಮಾಡಿ ಜೋಡಿಸಿದರು. ಇದನ್ನು ತಿಳಿದಿದ್ದರೆ ನಕಲಿನ ತಪ್ಪು ಕೂಡಲೇ ಗೊತ್ತಾಗುತ್ತದೆ. ಕೋಲ್ಚೆಸ್ಟರ್ ಎಂದು ಮಾರುವ ಬ್ರೂಚಿನಲ್ಲಿ ಸುರುಳಿಯನ್ನೂ ಬಿಲ್ಲಿನ ಜೊತೆಗೇ ಅಚ್ಚಿಗೆ ಹೊಯ್ದಿದ್ದರೆ ಅದು ಸ್ಪ್ರಿಂಗ್ ಅಲ್ಲ, ಸ್ಪ್ರಿಂಗಿನ ಚಿತ್ರ. ಹತ್ತು ಸಲ ತೆಗೆದು ಹಾಕುವಷ್ಟರಲ್ಲಿ ಮುರಿಯುತ್ತದೆ.

ಮೊದಲ ಶತಮಾನದ ಕೊನೆಯಿಂದ ಎರಡನೇ ಶತಮಾನದ ಮುಕ್ಕಾಲು ಭಾಗದವರೆಗೆ ಬ್ರಿಟನ್ನಿನಲ್ಲಿ ಟ್ರಂಪೆಟ್ ಮಾದರಿಯ ಕಾಲ. ತಲೆ ಕಹಳೆಯ ಬಾಯಂತೆ ಅರಳಿರುತ್ತದೆ, ನಡುವಿನಲ್ಲಿ ಎಲೆಯ ಕೆತ್ತನೆಯ ಗುಬುಟು, ತಲೆಯ ಮೇಲೆ ಸರಪಳಿ ಹಾಕಲು ಬಳೆ. ಇವನ್ನು ಜೋಡಿಯಾಗಿ ತೊಟ್ಟು ನಡುವೆ ಸರಪಳಿ ಇಳಿಬಿಡುತ್ತಿದ್ದರು. ಬ್ರಿಟಿಷ್ ಮ್ಯೂಸಿಯಮ್‌ನಲ್ಲಿರುವ, ಬ್ಯಾಕ್‌ವರ್ತ್ ನಿಧಿಯ ಚಿನ್ನದ ಲೇಪದ ಬೆಳ್ಳಿ ಬ್ರೂಚುಗಳು ಈ ಬಗೆಯಲ್ಲಿ ಅತಿ ಚೆಂದದವು. ಅವು ಶ್ರೀಮಂತರವು, ಸಾಮಾನ್ಯ ಹೆಂಗಸಿನ ವೇಷಕ್ಕೆ ತಾಮ್ರಮಿಶ್ರ ಲೋಹದ್ದೇ ಸರಿ. ಉತ್ತರ ಬ್ರಿಟನ್ನಿಗೆ ಇದೇ ಕಾಲದ ಇನ್ನೊಂದು ವಿಶಿಷ್ಟ ಬಗೆ ಡ್ರ್ಯಾಗನೆಸ್ಕ್: ಇಂಗ್ಲಿಷ್ ಎಸ್ ಅಕ್ಷರದಂತೆ ಬಾಗಿದ, ಎರಡೂ ತುದಿಗೆ ಪ್ರಾಣಿಯ ತಲೆಯಿರುವ, ಎನಾಮೆಲ್ ತುಂಬಿದ ಚಪ್ಪಟೆ ಬ್ರೂಚ್. ಇದನ್ನು ಇಟಲಿಯಿಂದ ಬಂದ ಸೈನಿಕನಿಗೆ ಹಾಕಬೇಡಿ.

ಡ್ಯಾನ್ಯೂಬ್ ಕಡೆಯ ನೋರಿಕುಮ್, ಪನ್ನೋನಿಯಾ ಪ್ರಾಂತ್ಯಗಳ ಹೆಂಗಸಿಗೆ ರೆಕ್ಕೆ ಬ್ರೂಚ್ ಉಂಟು. ಇದು ಗಾತ್ರದಲ್ಲಿ ಉಳಿದೆಲ್ಲವನ್ನೂ ಮೀರಿಸುತ್ತದೆ, ಕೊಕ್ಕೆಯ ತಗಡಿನಲ್ಲಿ ಜಾಲರಿ ಕೆತ್ತನೆಯೂ ಇರುತ್ತದೆ. ಆ ನಾಡಿನ ಸಮಾಧಿಕಲ್ಲುಗಳ ಮೇಲೆ ಎರಡೂ ಭುಜದಲ್ಲಿ ಎದ್ದು ಕಾಣುವುದು ಇದೇ. ಆ ನಾಡು ಬಿಟ್ಟು ಬೇರೆ ಕಡೆಯ ವೇಷಕ್ಕೆ ಬೇಡ.

ಎರಡನೇ ಶತಮಾನದ ನಡುವಿನಿಂದ ಮೂರನೇ ಶತಮಾನದ ಮೊದಲ ಭಾಗದವರೆಗೆ ಗಡಿಯ ಸೈನಿಕನಿಗೆ ಮೊಣಕಾಲು ಮಾದರಿ: ಚಿಕ್ಕದು, ಗಿಡ್ಡ, ಮಡಿಸಿದ ಮೊಣಕಾಲಿನಂತೆ ಒಂದೇ ಕಡೆ ಬಾಗಿದ್ದು. ನೋಡಲು ಅಷ್ಟೇನೂ ಆಕರ್ಷಕವಲ್ಲದ ಕಾರಣ ಕೊಳ್ಳುವವರು ಕಡಿಮೆ. ಆದರೆ ಆ ಕಾಲದ ಪಡೆಯೊಂದರಲ್ಲಿ ನಾಲ್ಕಾರು ಜನ ಇದನ್ನು ಹಾಕಿದರೆ ಇಡೀ ತಂಡಕ್ಕೆ ತೂಕ ಬರುತ್ತದೆ.

ಮೂರನೇ ಶತಮಾನದ ಕೊನೆಯಿಂದ ಅಡ್ಡಬಿಲ್ಲು ಮಾದರಿ ಮುಂದೆ ಬರುತ್ತದೆ. ಮೇಲೆ ಅಡ್ಡಪಟ್ಟಿ, ಮೂರು ಕಡೆ ಈರುಳ್ಳಿಯಾಕಾರದ ಗುಬುಟು, ಗಿಡ್ಡ ಎತ್ತರದ ಬಿಲ್ಲು, ಉದ್ದನೆಯ ಪಾದ. ನಾಲ್ಕನೇ ಶತಮಾನದುದ್ದಕ್ಕೂ ಇದರ ಅಳತೆ ಬದಲಾಗುತ್ತಾ ಹೋಗುತ್ತದೆ. ಶುರುವಿನವು ತೆಳ್ಳಗೆ, ಗುಬುಟು ಸಣ್ಣ. ಬರಬರುತ್ತಾ ಗುಬುಟು ಊದಿಕೊಳ್ಳುತ್ತವೆ, ಪಾದ ಬಿಲ್ಲಿಗಿಂತ ಉದ್ದವೂ ಅಗಲವೂ ಆಗುತ್ತದೆ. ಹಾಗಾಗಿ ‘ನಾಲ್ಕನೇ ಶತಮಾನದ್ದು’ ಎಂದಷ್ಟೇ ಹೇಳಿ ಕೊಳ್ಳಬೇಡಿ. 310ರ ವೇಷಕ್ಕೂ 390ರ ವೇಷಕ್ಕೂ ಒಂದೇ ಬ್ರೂಚ್ ಆಗುವುದಿಲ್ಲ. ಇದು ಸೈನಿಕರ ಮತ್ತು ಸರ್ಕಾರಿ ಅಧಿಕಾರಿಗಳ ಗುರುತು. ಇಟಲಿಯ ಮೊನ್ಜಾದಲ್ಲಿರುವ, ಸೇನಾಪತಿ ಸ್ಟಿಲಿಕೋನದೆಂದು ಗುರುತಿಸಲಾಗಿರುವ ದಂತದ ಫಲಕದಲ್ಲಿ ಬಲಭುಜದ ಮೇಲೆ ಇದೇ ಇದೆ, ಪಾದ ಮೇಲ್ಮುಖವಾಗಿದೆ. ರೈತ, ವ್ಯಾಪಾರಿ, ಹೆಂಗಸಿನ ವೇಷಕ್ಕೆ ಇದು ಸಲ್ಲದು.

ಇನ್ನು ಬಾಯ್ತೆರೆದ ಕಡಗದಂಥ ಬ್ರೂಚ್. ಇದರ ಬಳಕೆ ಶತಮಾನಗಟ್ಟಲೆ ನಡೆದದ್ದರಿಂದ ‘ಎಲ್ಲಕ್ಕೂ ನಡೆಯುತ್ತದೆ’ ಎಂದು ಹೇಳಿ ಮಾರುತ್ತಾರೆ. ನಡೆಯುತ್ತದೆ, ಆದರೆ ಗಾತ್ರ ನೋಡಿ. ರೋಮನ್ ಕಾಲದವು ಸಾಮಾನ್ಯವಾಗಿ 20ರಿಂದ 35 ಮಿಲಿಮೀಟರ್ ಅಡ್ಡಳತೆಯವು, ತುದಿಯಲ್ಲಿ ಸಣ್ಣ ಗುಬುಟು ಅಥವಾ ಹಿಂದಕ್ಕೆ ಮಡಿಸಿದ ತುದಿ. ಸಂತೆಯಲ್ಲಿ ಸಿಗುವ ಅಂಗೈಯಗಲದ, ಗಂಟು ಚಿತ್ತಾರದ, ಅಗಲ ಫಲಕದ ತುದಿಯವು ಏಳು ಎಂಟನೇ ಶತಮಾನದ ಐರ್ಲೆಂಡಿನ ದಾರಿಯವು. ರೋಮ್ ಸೇನೆ ಬ್ರಿಟನ್ ಬಿಟ್ಟು ಅಷ್ಟರಲ್ಲಿ ಇನ್ನೂರು ಮುನ್ನೂರು ವರ್ಷ ಕಳೆದಿತ್ತು.

ಗಾತ್ರದ ಮಾತು ಎಲ್ಲ ಮಾದರಿಗೂ ಅನ್ವಯಿಸುತ್ತದೆ. ಮರುನಟನೆಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಕಾಲದ್ದಲ್ಲ, ಅಳತೆಯದು. ನಕಲುಗಳನ್ನು ಒಂದೂವರೆ ಪಟ್ಟು ದೊಡ್ಡದಾಗಿ ಮಾಡುತ್ತಾರೆ, ದೂರದಿಂದ ಕಾಣಲಿ ಎಂದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರ್ವಜನಿಕರಿಗೆ ಸಿಕ್ಕ ಪುರಾತನ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಜಾಲತಾಣದಲ್ಲಿ ಸಾವಿರಾರು ಬ್ರೂಚುಗಳ ಉದ್ದ, ತೂಕ, ಚಿತ್ರ ಉಚಿತವಾಗಿ ಸಿಗುತ್ತವೆ. ನಿಮ್ಮ ಮಾದರಿಯ ಇಪ್ಪತ್ತು ದಾಖಲೆ ತೆರೆದು, ಪೂರ್ತಿ ಉಳಿದಿರುವವುಗಳ ಉದ್ದ ಬರೆದುಕೊಂಡು, ಅವುಗಳ ನಡುವಿನ ಅಳತೆ ಹಿಡಿಯಿರಿ. ಮುರಿದವುಗಳ ಅಳತೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ.

ಲೋಹ, ಕಲಾಯಿ, ಎನಾಮೆಲ್

ರೋಮನ್ನರು ಹಿತ್ತಾಳೆಗೆ ಸತುವನ್ನು ಲೋಹವಾಗಿ ಬೆರೆಸುತ್ತಿರಲಿಲ್ಲ. ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಮೂರನ್ನೂ ಮುಚ್ಚಿದ ಮೂಸೆಯಲ್ಲಿ ಕಾಯಿಸಿ, ಸತುವಿನ ಆವಿ ತಾಮ್ರಕ್ಕೆ ಇಳಿಯುವಂತೆ ಮಾಡುತ್ತಿದ್ದರು. ಈ ಕ್ರಮದಲ್ಲಿ ಸತು ಸುಮಾರು 28 ಶೇಕಡಾ ದಾಟುವುದಿಲ್ಲ. ಔಕಿಸ್ಸಾ, ಹಾಡ್ ಹಿಲ್ ಬ್ರೂಚುಗಳಲ್ಲಿ ಸುಮಾರು ಐದನೇ ಒಂದು ಪಾಲು. ಇಂದಿನ ಪಾತ್ರೆ ಅಂಗಡಿಯ ಹಿತ್ತಾಳೆಯಲ್ಲಿ 35ರಿಂದ 40 ಶೇಕಡಾ ಸತು ಇರುತ್ತದೆ, ಬಣ್ಣ ನಿಂಬೆಹಳದಿಗೆ ತಿರುಗಿರುತ್ತದೆ. ಹಳೆಯದರ ಬಣ್ಣ ಬೆಚ್ಚಗಿನ ಹೊನ್ನು. ಅಕ್ಕಸಾಲಿಯಿಂದ ಮಾಡಿಸುವುದಾದರೆ 80 ಪಾಲು ತಾಮ್ರ 20 ಪಾಲು ಸತು, ಅಥವಾ 85ಕ್ಕೆ 15ರ ತಗಡು ಕೇಳಿ.

ಹಾಡ್ ಹಿಲ್ ಬ್ರೂಚುಗಳಲ್ಲಿ ಅನೇಕಕ್ಕೆ ತವರದ ಲೇಪವಿತ್ತು. ನಮ್ಮ ಅಡುಗೆಮನೆಯ ಕಲಾಯಿಯೇ ಅದು. ತಾಮ್ರದ ವಸ್ತುವಿಗೆ ತವರ ಹತ್ತಿಸಿ ಬೆಳ್ಳಿಯಂತೆ ಕಾಣಿಸುವ ಕೆಲಸ ಗಾಲ್ (ಇಂದಿನ ಫ್ರಾನ್ಸಿನ ಸುತ್ತಿನ) ಪ್ರಾಂತ್ಯಗಳಲ್ಲಿ ಹುಟ್ಟಿತು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕಲಾಯಿ ಹಾಕಿಸಿದ ಬ್ರೂಚ್ ತೆಳು ಬಿಳಿ, ಅಂಚುಗಳಲ್ಲಿ ಮಾಸುತ್ತಾ ಒಳಗಿನ ಹಿತ್ತಾಳೆ ಕಾಣುತ್ತದೆ. ಇದು ಸರಿಯಾದ ಸವೆತ. ಕ್ರೋಮಿಯಮ್ ಅಥವಾ ನಿಕಲ್ ಲೇಪದ ನೀಲಿಬಿಳಿ ಹೊಳಪು ಹೀಗೆ ಸವೆಯುವುದಿಲ್ಲ, ಸುಲಿಯುತ್ತದೆ. ಕಲಾಯಿ ಹಾಕಿಸುವುದಾದರೆ ಸೂಜಿಯನ್ನು ಮೊದಲು ಬಿಚ್ಚಿಡಿ. ಬಿಸಿಗೆ ಸೂಜಿ ಮೆತ್ತಗಾದರೆ ಬಿಗಿ ಹೋಗುತ್ತದೆ, ತವರ ಕೀಲಿನೊಳಗೆ ಇಳಿದರೆ ಕೀಲು ಹಿಡಿದುಕೊಳ್ಳುತ್ತದೆ.

ಹಸಿರು ಬಣ್ಣ ಬೇಡ. ಮ್ಯೂಸಿಯಮ್‌ನ ಹಸಿರು ಎರಡು ಸಾವಿರ ವರ್ಷದ ಮಣ್ಣಿನ ಕೆಲಸ. ತೊಟ್ಟವನ ಭುಜದ ಮೇಲೆ ಬ್ರೂಚ್ ಬೆಳಗಿದ ದೀಪದ ಕಂಬದಂತೆ ಹೊಳೆಯುತ್ತಿತ್ತು. ಎನಾಮೆಲ್‌ನಲ್ಲೂ ಇದೇ ಮೋಸ. ಹಳೆಯ ಕೆಂಪು ಎನಾಮೆಲ್‌ಗೆ ಬಣ್ಣ ಕೊಡುವುದು ತಾಮ್ರ. ಮಣ್ಣಿನಲ್ಲಿ ಅದು ಕೆಟ್ಟಾಗ ಹಸಿರಾಗುತ್ತದೆ. ಉತ್ಖನನದ ಚಿತ್ರ ನೋಡಿ ಹಸಿರು ತುಂಬಿದ ನಕಲುಗಳು ಬೇಕಾದಷ್ಟಿವೆ. ಅಸಲಿನ ವರದಿಯಲ್ಲಿ ‘ಕೆಟ್ಟ ಕೆಂಪು’ ಎಂಬ ಟಿಪ್ಪಣಿ ಇದೆಯೇ ನೋಡಿಕೊಳ್ಳಿ. ಎನಾಮೆಲ್ ಕಾಯಿಸಿ ಕರಗಿಸಿದ ಗಾಜಾಗಿರಬೇಕು, ಮಂದ, ಆಚೆ ಕಾಣದಂಥದ್ದು. ಉಗುರಿನಿಂದ ಒತ್ತಿದಾಗ ಮೆತ್ತಗೆ ಅನಿಸಿದರೆ ಅದು ರಾಳ. ಬಿಸಿಲಿಗೆ ಮಾಸುತ್ತದೆ, ಅಂಚಿನಿಂದ ಏಳುತ್ತದೆ.

ಅಸಲಿ ಬ್ರೂಚ್ ಕೊಂಡು ತೊಡುವ ಆಸೆ ಬೇಡ. ಒಳಗಿನ ಲೋಹ ಖನಿಜವಾಗಿ ಹೋಗಿರುವ ಸೂಜಿ ಮೊದಲ ಎಳೆತಕ್ಕೇ ಮುರಿಯುತ್ತದೆ. ಎಲ್ಲಿ ಸಿಕ್ಕಿತೆಂಬ ದಾಖಲೆ ಇಲ್ಲದ ವಸ್ತುವನ್ನು ಕೊಳ್ಳುವುದು ಕಳ್ಳ ಅಗೆತಕ್ಕೆ ಹಣ ಕೊಟ್ಟಂತೆ.

ಕೈಗೆ ಬಂದ ಮೇಲೆ ಪರೀಕ್ಷೆ

ಮೊದಲು ಅಯಸ್ಕಾಂತ ಹಿಡಿಯಿರಿ. ಬಿಲ್ಲು ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬಣ್ಣ. ಕೀಲಿನ ಅಚ್ಚುಕಡ್ಡಿ ಮಾತ್ರ ಅಂಟಿದರೆ ಚಿಂತೆಯಿಲ್ಲ, ಅಸಲಿನಲ್ಲೂ ಕಬ್ಬಿಣದ ಕಡ್ಡಿ ಇರುತ್ತಿತ್ತು. ಆಮೇಲೆ ಹಿಂಬದಿಯಲ್ಲಿ, ಕಾಣದ ಜಾಗದಲ್ಲಿ ಅರದಿಂದ ಒಂದು ಗೀರು. ಬೂದುಬಣ್ಣ ಕಂಡರೆ ಅದು ಸತುವಿನ ಅಗ್ಗದ ಮಿಶ್ರಲೋಹ, ಕೊಕ್ಕೆ ಬೇಗ ಮುರಿಯುತ್ತದೆ, ಬೆಸುಗೆಗೂ ಬಗ್ಗುವುದಿಲ್ಲ. ಹಳದಿ ಕಂಡರೆ ಮುಂದುವರಿಯಿರಿ.

ಬಿಲ್ಲಿಗೂ ಸೂಜಿಗೂ ನಡುವಿನ ಜಾಗ ಅಳೆಯಿರಿ. ಸಾಗುಮ್‌ನ ಉಣ್ಣೆ ಚದರ ಮೀಟರಿಗೆ 400ರಿಂದ 600 ಗ್ರಾಂ ತೂಗುತ್ತದೆ. ಅದರ ಎರಡು ಪದರ, ಜೊತೆಗೆ ಮಡಿಕೆ, ಈ ಜಾಗದಲ್ಲಿ ಕೂರಬೇಕು. 10 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬಟ್ಟೆ ಸೂಜಿಯನ್ನು ಹೊರಕ್ಕೆ ತಳ್ಳುತ್ತದೆ. ಔಕಿಸ್ಸಾದ ಬಿಲ್ಲು ಅಷ್ಟೊಂದು ಎತ್ತರಕ್ಕೆ ಬಾಗಿರುವುದು ಈ ದಪ್ಪಕ್ಕಾಗಿಯೇ. ಚಪ್ಪಟೆ ಎನಾಮೆಲ್ ಬಿಲ್ಲೆಗಳು ತೆಳು ಬಟ್ಟೆಗೆ ಸರಿ. ಸೈನಿಕನ ಕಂಬಳಿಗೆ ಅವನ್ನು ಹಾಕಿದರೆ ಒಂದೋ ಸೂಜಿ ಬಾಗುತ್ತದೆ, ಇಲ್ಲವೇ ಕೊಕ್ಕೆ ಬಿಚ್ಚಿಕೊಳ್ಳುತ್ತದೆ.

ಸೂಜಿಯ ಮೊನೆಯನ್ನು ಹತ್ತಿಬಟ್ಟೆಯ ಮೇಲೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಕೊನೆಯ 15 ಮಿಲಿಮೀಟರನ್ನು ಅರದಿಂದ ಕ್ರಮೇಣ ಸಪೂರ ಮಾಡಿ, 600, ಆಮೇಲೆ 1000 ನಂಬರಿನ ಮರಳುಕಾಗದದಿಂದ ನುಣುಪು ಮಾಡಿ. ಮೊನೆ ಹೊಲಿಗೆ ಸೂಜಿಯಷ್ಟು ಚೂಪಾಗಬೇಕಿಲ್ಲ. ನೂಲನ್ನು ಸರಿಸಿ ದಾರಿ ಮಾಡಿಕೊಂಡರೆ ಸಾಕು, ಕತ್ತರಿಸಬಾರದು.

ಸ್ಪ್ರಿಂಗ್ ಸೋತಿದ್ದರೆ ಹೊಸದು ಸುತ್ತಬಹುದು. 1.5 ಮಿಲಿಮೀಟರಿನ ಗಟ್ಟಿಯಾಗಿ ಎಳೆದ ಹಿತ್ತಾಳೆ ಅಥವಾ ಕಂಚಿನ ತಂತಿ 150 ಮಿಲಿಮೀಟರ್ ತೆಗೆದುಕೊಳ್ಳಿ. 3 ಮಿಲಿಮೀಟರ್ ಕಡ್ಡಿಯ ಮೇಲೆ ನಡುವಿನಿಂದ ಹೊರಕ್ಕೆ ಎರಡು ಸುತ್ತು ಹಾಕಿ, ತಂತಿಯನ್ನು ಅಡ್ಡಲಾಗಿ ಇನ್ನೊಂದು ತುದಿಗೆ ದಾಟಿಸಿ, ಅಲ್ಲಿಂದ ಒಳಕ್ಕೆ ಎರಡು ಸುತ್ತು ಹಾಕುತ್ತಾ ನಡುವಿಗೆ ಬನ್ನಿ. ಉಳಿದ ತಂತಿಯೇ ಸೂಜಿ. ಒಂದು ಸುತ್ತಿಗೆ ಸುಮಾರು 14 ಮಿಲಿಮೀಟರ್ ಹಿಡಿಯುತ್ತದೆ. ನಾಲ್ಕು ಸುತ್ತು, ದಾಟುತಂತಿ, ಸೂಜಿ ಸೇರಿ 120ರ ಆಸುಪಾಸು, ಉಳಿದದ್ದು ಹಿಡಿಯಲು. ಸುತ್ತುವುದು ಸುಲಭವಾಗಲಿ ಎಂದು ತಂತಿಯನ್ನು ಕಾಯಿಸಬೇಡಿ. ಕಾಯಿಸಿದ ತಂತಿ ಬಾಗಿದಲ್ಲೇ ಉಳಿಯುತ್ತದೆ, ಹಿಂದಕ್ಕೆ ಚಿಮ್ಮುವುದಿಲ್ಲ. ಸಿದ್ಧವಾದ ಸೂಜಿಯನ್ನು ಬಿಟ್ಟಾಗ ಮೊನೆ ಕೊಕ್ಕೆಯಿಂದ 10–15 ಮಿಲಿಮೀಟರ್ ಹೊರಗೆ ನಿಂತರೆ ಬಿಗಿ ಸರಿಯಾಗಿದೆ.

ಹೊದ್ದು ಸಿಕ್ಕಿಸುವ ಕ್ರಮ

ಹೊದಿಕೆಯನ್ನು ಎಡಭುಜದ ಮೇಲೆ ಹಾಕಿ, ಹಿಂದಿನ ಅಂಚು ಮುಂದಿನ ಅಂಚಿನ ಮೇಲೆ ಬರುವಂತೆ ಬಲಭುಜದ ಮೇಲೆ ಸೇರಿಸಿ. ಬ್ರೂಚ್ ಕೂರುವ ಜಾಗ ಭುಜದ ನೆತ್ತಿಯಲ್ಲ, ಅದಕ್ಕಿಂತ ಎರಡು ಮೂರು ಬೆರಳು ಮುಂದೆ, ಕೊರಳೆಲುಬಿನ ಕೆಳಗೆ. ನೆತ್ತಿಯಲ್ಲಿ ಹಾಕಿದರೆ ಹೊದಿಕೆಯ ಭಾರಕ್ಕೆ ಹಿಂದಕ್ಕೆ ಜಾರಿ ಕುತ್ತಿಗೆ ಹಿಸುಕುತ್ತದೆ. ಕವಚ ತೊಟ್ಟಿದ್ದರೆ ಅದರ ಭುಜಪಟ್ಟಿಗೆ ಉಜ್ಜಿ ಸೂಜಿ ಬಾಗುತ್ತದೆ.

ಎರಡೂ ಪದರವನ್ನು ಅಂಚಿನಿಂದ ನಾಲ್ಕು ಬೆರಳು ಒಳಗೆ ಸೇರಿಸಿ ಚಿವುಟಿ, ಒಂದು ಮಡಿಕೆ ಎತ್ತಿ. ಸೂಜಿ ಆ ಮಡಿಕೆಯ ಒಂದು ಮಗ್ಗುಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬರಲಿ, ಬಟ್ಟೆ ಬಿಲ್ಲಿನೊಳಗೆ ತುಂಬಿಕೊಳ್ಳಲಿ. ಬಟ್ಟೆಯನ್ನು ಚಪ್ಪಟೆ ಹಿಡಿದು ಚುಚ್ಚಿದರೆ ಇಡೀ ಹೊದಿಕೆಯ ಭಾರ ನಾಲ್ಕಾರು ನೂಲಿನ ಮೇಲೆ ಬಿದ್ದು ತೂತು ಹಿಗ್ಗುತ್ತದೆ. ಪ್ರತಿ ಸಲ ಅರ್ಧ ಬೆರಳು ಜಾಗ ಬದಲಿಸಿ ಚುಚ್ಚಿದರೆ ಹೊದಿಕೆ ವರ್ಷಗಟ್ಟಲೆ ಬಾಳುತ್ತದೆ.

ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ, ತುಸು ಓರೆಯಾಗಿ ತೂರಿಸಿ. ತಲೆ ಕೆಳಗೆ, ಪಾದ ಮೇಲೆ. ಕೊಂಡವರು ಹೆಚ್ಚಾಗಿ ತಲೆಕೆಳಗಾಗಿದೆ ಎಂದು ಇದನ್ನು ತಿರುಗಿಸಿ ಹಾಕುತ್ತಾರೆ, ಪುಸ್ತಕದ ಚಿತ್ರಗಳಲ್ಲಿ ತಲೆಯನ್ನು ಮೇಲೆ ಮಾಡಿ ಮುದ್ರಿಸುವುದೇ ಅದಕ್ಕೆ ಕಾರಣ. ಅಡ್ಡಬಿಲ್ಲಿಗಂತೂ ಮೊನ್ಜಾದ ಫಲಕದ ಸಾಕ್ಷಿ ಇದೆ. ಉಳಿದವಕ್ಕೆ ಎಳೆತದ ಲೆಕ್ಕವೇ ಸಾಕು: ತಲೆ ಕೆಳಗಿದ್ದರೆ ಬಟ್ಟೆಯ ಭಾರ ಜಾರಿ ಕೀಲಿನ ಮೇಲೆ, ಅಂದರೆ ಬ್ರೂಚಿನ ಅತಿ ಗಟ್ಟಿ ಜಾಗದ ಮೇಲೆ ಕೂರುತ್ತದೆ. ಪಾದ ಕೆಳಗಿದ್ದರೆ ಅದೇ ಭಾರ ಕೊಕ್ಕೆಯ ತೆಳು ತಗಡನ್ನು ದಿನವಿಡೀ ಎಳೆಯುತ್ತದೆ.

ಸಿಕ್ಕಿಸಿದ ಮೇಲೆ ಬಲಗೈಯನ್ನು ಪೂರ್ತಿ ಮೇಲೆತ್ತಿ, ಬಗ್ಗಿ, ಹತ್ತು ಹೆಜ್ಜೆ ಓಡಿ ನೋಡಿ. ಮೊನೆ ಕೊಕ್ಕೆಯಲ್ಲೇ ಇದ್ದರೆ ಸರಿ. ಜಾರಿದ್ದರೆ ಕೊಕ್ಕೆಯ ತುಟಿಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಒಳಕ್ಕೆ ಒತ್ತಿ, ಮತ್ತೆ ಓಡಿ. ಇಕ್ಕಳದ ಬಾಯಿಗೆ ಚರ್ಮದ ಚೂರು ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಲ್ಲಿನ ಗುರುತು ಉಳಿಯುತ್ತದೆ.

ಮಳೆಯಲ್ಲಿ ನೆನೆದ ಉಣ್ಣೆಯಲ್ಲಿ ಬ್ರೂಚನ್ನು ರಾತ್ರಿ ಬಿಡಬೇಡಿ. ಹಸಿ ಉಣ್ಣೆ ಹಿತ್ತಾಳೆಯನ್ನು ಹಸಿರು ಮಾಡುತ್ತದೆ, ಆ ಹಸಿರು ಬಟ್ಟೆಗೆ ಇಳಿದರೆ ಹೋಗುವುದಿಲ್ಲ. ಬರೀ ಹಿತ್ತಾಳೆಯದಾದರೆ ಹುಣಸೆಹಣ್ಣಿನಿಂದ ಉಜ್ಜಿ, ತೊಳೆದು, ಕೂಡಲೇ ಒರೆಸಿ ಒಣಗಿಸಿ. ಕಲಾಯಿ ಇರುವುದಕ್ಕೂ ಎನಾಮೆಲ್ ಇರುವುದಕ್ಕೂ ಹುಳಿ ತಾಗಿಸಬೇಡಿ. ಮೆತ್ತನೆ ಒಣಬಟ್ಟೆ ಸಾಕು. ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಸೂಜಿಯನ್ನು ಕೊಕ್ಕೆಯಿಂದ ಬಿಡಿಸಿ ಇಡಿ. ಬಿಗಿದೇ ಇಟ್ಟ ಸೂಜಿ ಮುಂದಿನ ಪ್ರದರ್ಶನದ ಹೊತ್ತಿಗೆ ತನ್ನ ಬಿಗಿಯನ್ನು ಸ್ವಲ್ಪ ಕಳೆದುಕೊಂಡಿರುತ್ತದೆ.